ಮೊನಾಸ್ಟರ್‌ಬಾಯ್ಸ್ ಹಳೇ ಸ್ಮಶಾನ: ಒಂದೇ ಗೋಡೆಯೊಳಗೆ ಇಷ್ಟೆಲ್ಲ ಹೇಗೆ ಬಂತು?

ಬಾಯ್ನ್ ದಡದವಳು

ಎಲ್ಲರಿಗೂ ನಮಸ್ಕಾರ. ನಾನು ಐರ್ಲೆಂಡಿನ ಡ್ರಾಹೆಡಾ ಊರಿನಲ್ಲಿದ್ದೇನೆ. ಬಂದು ಎರಡು ವರ್ಷವಾಯಿತು. ಹೋದ ಭಾನುವಾರ ಅಪರೂಪಕ್ಕೆ ಮಳೆ ಬಿಟ್ಟಿತ್ತು. ಮಗನನ್ನು ಕರೆದುಕೊಂಡು ಹತ್ತಿರದ ಮೊನಾಸ್ಟರ್‌ಬಾಯ್ಸ್‌ಗೆ ಹೋಗಿದ್ದೆ. ಇಲ್ಲಿಂದ 8-9 ಕಿಲೋಮೀಟರ್ ಇರಬಹುದು. ಹೆಸರು ಕೇಳಿ ಅವನು "ಬಾಯ್ಸ್ ಹಾಸ್ಟೆಲ್ಲಾ ಅಮ್ಮ?" ಅಂದ. ನಿಜ ಹೇಳಬೇಕೆಂದರೆ ನಾನೂ ಹಾಗೇ ಏನೋ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಹೊಲಗಳ ನಡುವೆ ಒಂದು ಸ್ಮಶಾನ.

ಸುತ್ತ ಕಲ್ಲಿನ ಗೋಡೆ. ಒಳಗೆ ತಲೆ ಮುರಿದ ಒಂದು ದುಂಡು ಗೋಪುರ. ಸೂರಿಲ್ಲದ ಎರಡು ಪಾಳು ಚರ್ಚು, ಅವುಗಳ ಒಳಗೂ ಸಮಾಧಿಗಳು. ಮೈತುಂಬ ಕೆತ್ತನೆ ಇರುವ ದೊಡ್ಡ ದೊಡ್ಡ ಕಲ್ಲಿನ ಶಿಲುಬೆಗಳು. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟಿನ ಸಮಾಧಿ, ಅದರ ಮೇಲೆ ಪ್ಲಾಸ್ಟಿಕ್ ಹೂವು. ನನಗೆ ತಲೆಬುಡ ಅರ್ಥವಾಗಲಿಲ್ಲ. ಇದು ಸ್ಮಾರಕವೋ, ಈಗಲೂ ಬಳಸುವ ಸ್ಮಶಾನವೋ? ಚರ್ಚು ಮೊದಲೋ, ಸಮಾಧಿ ಮೊದಲೋ? ಎಲ್ಲ ಕಲ್ಲುಗಳೂ ಒಂದೇ ದಿಕ್ಕಿಗೆ ನಿಂತಿವೆ, ಅದ್ಯಾಕೆ? ಗೊತ್ತಿದ್ದವರು ಸ್ವಲ್ಪ ಹೇಳಿ. ಮಗನಿಗೆ ಶಾಲೆಯಲ್ಲಿ ಇದರ ಮೇಲೆ ಮಾತಾಡಬೇಕಂತೆ.

ಹಳೇ ನಕ್ಷೆ

ಮೇಡಂ, ಒಳ್ಳೇ ಜಾಗಕ್ಕೆ ಹೋಗಿ ಬಂದಿದ್ದೀರಿ. ನಾನು ಸರ್ವೆ ಕೆಲಸದವನು, ಈ ದೇಶದಲ್ಲಿ 14 ವರ್ಷ. ರಜೆ ಸಿಕ್ಕಿದರೆ ಹಳೇ ಸ್ಮಶಾನ ಸುತ್ತುವುದೇ ಕೆಲಸ. ಮನೆಯವಳು ಬೈಯುತ್ತಾಳೆ, ಅದು ಬೇರೆ ಮಾತು.

ಮೊದಲು ಹೆಸರು. ಬಾಯ್ಸ್ ಅಂದರೆ ಹುಡುಗರಲ್ಲ. ಐರಿಷ್ ಭಾಷೆಯಲ್ಲಿ ಇದು "ಮೈನಿಸ್ಟಿರ್ ಬುಟೆ". ಮೈನಿಸ್ಟಿರ್ ಅಂದರೆ ಮಠ. ಬುಟೆ ಅನ್ನುವುದು ಮಠ ಕಟ್ಟಿದ ಸಂತನ ಹೆಸರು. ಆತ ಸುಮಾರು 521ರಲ್ಲಿ ತೀರಿಕೊಂಡ ಅಂತ ಹೇಳುತ್ತಾರೆ. ಇಂಗ್ಲಿಷರ ಬಾಯಲ್ಲಿ ಬುಟೆ ಹೋಗಿ ಬಾಯ್ಸ್ ಆಗಿದೆ, ಅಷ್ಟೇ.

ನೀವು ನೋಡಿದ್ದು ಆ ಮಠದ ನಡುಭಾಗ ಮಾತ್ರ. ಆ ಕಾಲದ ಐರಿಷ್ ಮಠ ಅಂದರೆ ಸಾಲಾಗಿ ನಿಂತ ಕಲ್ಲಿನ ಕಟ್ಟಡ ಅಲ್ಲ. ಮರ, ಬಿದಿರುತಟ್ಟಿಯಂಥ ಹೆಣಿಗೆ, ಮಣ್ಣು, ಹುಲ್ಲು ಇಷ್ಟರಲ್ಲೇ ಗುಡಿಸಲು, ಅಡುಗೆ ಮನೆ, ಚಿಕ್ಕ ಚರ್ಚು. ಸುತ್ತ ದುಂಡಗೆ ಮಣ್ಣಿನ ದಿಬ್ಬ, ಅದರಾಚೆ ಕಂದಕ. ದೊಡ್ಡ ಮಠವಾದರೆ ಇಂಥ ಸುತ್ತು ಎರಡೋ ಮೂರೋ ಇರುತ್ತಿದ್ದವು. ಒಳಸುತ್ತು ಪವಿತ್ರ, ಅಲ್ಲಿ ಚರ್ಚು ಮತ್ತು ಸಮಾಧಿ. ಹೊರಸುತ್ತಿನಲ್ಲಿ ಕಮ್ಮಾರರು, ದನದ ಕೊಟ್ಟಿಗೆ, ಕೆಲಸದವರು. ಮರ ಮಣ್ಣು ಎಲ್ಲ ಕರಗಿ ಹೋಯಿತು. ಸಮಾಧಿ ಇದ್ದ ಜಾಗವನ್ನು ಯಾರೂ ಉಳಲಿಲ್ಲ, ಅದಕ್ಕೇ ಅದು ಉಳಿಯಿತು.

ಹಾಗಾಗಿ "ಚರ್ಚು ಮೊದಲೋ ಸಮಾಧಿ ಮೊದಲೋ" ಅಂದರೆ ಎರಡೂ ಜೊತೆಗೇ. ಆದರೆ ನೀವು ನೋಡಿದ ಆ ಎರಡು ಪಾಳು ಚರ್ಚುಗಳು ಮಾತ್ರ ತುಂಬ ಈಚಿನವು, 14ನೇ ಶತಮಾನ ಅಥವಾ ಅದಕ್ಕಿಂತ ಈಚೆ. ಶಿಲುಬೆಗಳು ಅವುಗಳಿಗಿಂತ ನಾನೂರು ಐನೂರು ವರ್ಷ ಹಳೆಯವು! ಪಾಳು ಬಿದ್ದದ್ದೇ ಹಳೇದು ಅಂತ ನಮ್ಮ ಕಣ್ಣು ಅಂದುಕೊಳ್ಳುತ್ತದೆ. ಇಲ್ಲಿ ಅದು ಉಲ್ಟಾ.

ಈ ದುಂಡು ಸುತ್ತುಗಳನ್ನು ನೋಡಬೇಕಾದರೆ ಪಕ್ಕದ ಮೀತ್ ಕೌಂಟಿಯ ಕೆಲ್ಸ್ ಊರಿನ ನಕ್ಷೆ ತೆಗೆಯಿರಿ. ಪೇಟೆ ಬೀದಿಗಳೇ ಬಾಗಿಕೊಂಡು ಹೋಗುತ್ತವೆ. ಮಠದ ಹೊರದಿಬ್ಬ ಎಲ್ಲಿತ್ತೋ ಅಲ್ಲೇ ರಸ್ತೆ ಆಗಿದೆ. ಹಳ್ಳಿ ಸ್ಮಶಾನಗಳಲ್ಲೂ ಅಷ್ಟೇ. ಗೋಡೆ ನೇರವಾಗಿ ಬರುತ್ತಾ ಒಂದು ಕಡೆ ಸುಮ್ನೆ ಬಾಗಿದೆ ಅಂದರೆ ಅನುಮಾನ ಪಡಿ. 1840ರ ದಶಕದೊಳಗೆ ಮುಗಿದ ಸರ್ಕಾರಿ ಸರ್ವೆಯ, ಒಂದು ಮೈಲಿಗೆ ಆರು ಇಂಚಿನ ಲೆಕ್ಕದ ನಕ್ಷೆಗಳು ಆನ್‌ಲೈನ್ ಸಿಗುತ್ತವೆ. ಅವುಗಳಲ್ಲಿ ಈಗ ಅಳಿಸಿ ಹೋದ ಬದುಗಳೂ ಕಾಣುತ್ತವೆ.

ಸುಮ್ನೆ ಓದುವವ

ಆ ದುಂಡು ಗೋಪುರದ ಬಗ್ಗೆ ಒಂದು ವಾಟ್ಸಾಪ್ ಫಾರ್ವರ್ಡ್ ಬಂದಿತ್ತು. ಐರ್ಲೆಂಡಿನ ಗೋಪುರಗಳೆಲ್ಲ ಶಿವಲಿಂಗಗಳು, ನಮ್ಮವರೇ ಹೋಗಿ ಕಟ್ಟಿದ್ದು ಅಂತ. ನಿಜವಾ ಗುರುಗಳೇ?

ಹಳೇ ನಕ್ಷೆ

ಬಂದೇ ಬರುತ್ತೆ ಅಂತ ಕಾಯ್ತಾ ಇದ್ದೆ!

ನಿಜ ಅಲ್ಲ. ಆದರೆ ಈ ಕಥೆ ವಾಟ್ಸಾಪಿನಲ್ಲಿ ಹುಟ್ಟಿದ್ದೂ ಅಲ್ಲ, ಸುಮಾರು ಇನ್ನೂರು ವರ್ಷ ಹಳೇ ಫಾರ್ವರ್ಡ್ ಇದು. 1830ರ ದಶಕದಲ್ಲಿ ರಾಯಲ್ ಐರಿಷ್ ಅಕಾಡೆಮಿ ಒಂದು ಪ್ರಬಂಧ ಸ್ಪರ್ಧೆ ಇಟ್ಟಿತ್ತು. ಈ ಗೋಪುರಗಳನ್ನು ಯಾರು ಕಟ್ಟಿದರು, ಯಾಕೆ ಕಟ್ಟಿದರು ಅಂತ. ಹೆನ್ರಿ ಓಬ್ರಿಯನ್ ಅನ್ನುವವನು ಇವು ಪೂರ್ವದಿಂದ ಬಂದ ಬೌದ್ಧರ ಲಿಂಗಪೂಜೆಯ ಗೋಪುರಗಳು ಅಂತ ಬರೆದ. ಬೌದ್ಧರಿಗೂ ಲಿಂಗಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ! ಅವನಿಗೆ ಸಣ್ಣ ಬಹುಮಾನ ಸಿಕ್ಕಿತು. ಚಿನ್ನದ ಪದಕ ಹೋಗಿದ್ದು ಜಾರ್ಜ್ ಪೆಟ್ರಿಗೆ. ಪೆಟ್ರಿ ಊರೂರು ತಿರುಗಿ ಅಳತೆ ಮಾಡಿದವನು, ಹಳೇ ಐರಿಷ್ ದಾಖಲೆ ಓದಿಸಿದವನು. ಇವು ಕ್ರೈಸ್ತ ಮಠದವರೇ ಕಟ್ಟಿದ ಗಂಟೆ ಗೋಪುರಗಳು ಅಂತ ತೋರಿಸಿದ. ಐರಿಷ್ ಭಾಷೆಯಲ್ಲಿ ಇದರ ಹೆಸರೇ "ಕ್ಲಿಗ್‌ತ್ಯಾಕ್", ಅಂದರೆ ಗಂಟೆಮನೆ. ಹೆಸರಲ್ಲೇ ಉತ್ತರ ಇತ್ತು.

ಇಂಥವು ದೇಶದಲ್ಲಿ ಸುಮಾರು 65 ಉಳಿದಿವೆ, ಕೆಲವು ಪೂರ್ತಿ, ಕೆಲವು ಬುಡ ಮಾತ್ರ. ಮೊನಾಸ್ಟರ್‌ಬಾಯ್ಸ್‌ನದು ತಲೆ ಹೋಗಿದ್ದರೂ 30 ಮೀಟರಿಗೆ ಸ್ವಲ್ಪ ಕಡಿಮೆ ಇದೆ ಅಷ್ಟೇ. ಮೊದಲು ಮೇಲೆ ಕೋನಾಕಾರದ ಕಲ್ಲಿನ ಟೋಪಿ ಇದ್ದಿರಬೇಕು. ಹಾಗೆ ಟೋಪಿ ಸಮೇತ ನೋಡಬೇಕಾದರೆ ವಿಕ್ಲೋ ಬೆಟ್ಟಗಳಲ್ಲಿರುವ ಗ್ಲೆಂಡಲಾಕ್‌ಗೆ ಹೋಗಿ. ಅಲ್ಲಿಯ ಟೋಪಿಯನ್ನು 1876ರಲ್ಲಿ ಒಳಗೇ ಬಿದ್ದಿದ್ದ ಕಲ್ಲುಗಳಿಂದ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ.

ಗಾಲ್ವೇ ಮಳೆ

ಈ ಗೋಪುರಗಳ ಬಾಗಿಲು ನೆಲದಿಂದ ಅಷ್ಟು ಮೇಲೆ ಯಾಕೆ? ಹಡಗಿನಲ್ಲಿ ಬಂದು ಲೂಟಿ ಮಾಡುತ್ತಿದ್ದ ವೈಕಿಂಗ್‌ಗಳು ಬಂದಾಗ ಏಣಿ ಮೇಲೆಳೆದುಕೊಂಡು ಒಳಗೆ ಕೂರೋಕೆ ಅಂತ ನಮ್ಮ ಟೂರ್ ಗೈಡ್ ಹೇಳಿದ್ದ.

ಹಳೇ ನಕ್ಷೆ

ಎಲ್ಲ ಗೈಡೂ ಅದನ್ನೇ ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ. ಕಟ್ಟಡದ ಕಣ್ಣಲ್ಲಿ ನೋಡಿ. ಇಷ್ಟು ಎತ್ತರಕ್ಕೆ ಇವುಗಳ ಅಡಿಪಾಯ ತೀರಾ ಆಳವಿಲ್ಲ. ಬುಡದಲ್ಲೇ ಬಾಗಿಲಿನ ತೂತು ಕೊರೆದರೆ ಗೋಡೆ ದುರ್ಬಲ ಆಗುತ್ತದೆ. ಮೇಲೆ ಇಟ್ಟರೆ ಬುಡ ಗಟ್ಟಿ. ಬೆಲೆಬಾಳುವ ವಸ್ತು ಇಡೋಕೆ ಅನುಕೂಲ ಅನ್ನುವುದೂ ಸರಿಯೇ. ಆದರೆ ಜನ ಅಡಗಿಕೊಳ್ಳೋಕೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಒಳಗೆಲ್ಲ ಮರದ ಅಟ್ಟ, ಮರದ ಏಣಿ, ಮೇಲೆ ಕಿಟಕಿ. ಕೆಳಗೆ ಬೆಂಕಿ ಬಿದ್ದರೆ ಹೊಗೆ ಕೊಳವೆಯ ಹಾಗೆ ಎಳೆದುಕೊಳ್ಳುತ್ತದೆ.

ಮೊನಾಸ್ಟರ್‌ಬಾಯ್ಸ್‌ನಲ್ಲಿ ಹಾಗೇ ಆಯಿತು. 1097ರಲ್ಲಿ ಗಂಟೆಮನೆಗೆ ಬೆಂಕಿ ಬಿತ್ತು, ಒಳಗಿದ್ದ ಪುಸ್ತಕಗಳೂ ಭಂಡಾರವೂ ಸುಟ್ಟವು ಅಂತ ಐರಿಷ್ ವಾರ್ಷಿಕ ದಾಖಲೆಗಳಲ್ಲಿದೆ. ನನಗೆ ಇದು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತೆ. ಇಲ್ಲಿ ಪಾಠ ಹೇಳುತ್ತಿದ್ದ ಫ್ಲಾನ್ ಅನ್ನುವ ಪಂಡಿತ 1056ರಲ್ಲಿ ತೀರಿಕೊಂಡ. ರಾಜರ ವಂಶಾವಳಿ, ಹಳೇ ಕಥೆಗಳನ್ನು ಪದ್ಯದಲ್ಲಿ ಬರೆದವನು. ಅವನು ಹೋಗಿ 41 ವರ್ಷಕ್ಕೆ ಪುಸ್ತಕದ ಮನೆಯೇ ಹೋಯಿತು.

ವೈಕಿಂಗ್‌ಗಳು ಬಂದಿದ್ದೂ ನಿಜವೇ. ಬಂದು ಇಲ್ಲೇ ಠಿಕಾಣಿ ಹೂಡಿದ್ದರು. 968ರಲ್ಲಿ ಐರ್ಲೆಂಡಿನ ಹಿರಿಯ ರಾಜ ಡೊನಾಲ್ ಬಂದು ಓಡಿಸಿದ. ಗೋಪುರ ಅವರನ್ನು ತಡೆಯಿತು ಅಂತ ಏನೂ ಕಾಣೆ.

ಮಂಗ್ಳೂರು ನರ್ಸಮ್ಮ

ನಮಸ್ಕಾರ ಮಾರಾಯ್ರೆ. ನಾನು ಇಲ್ಲಿಗೆ ಬಂದು ಹದಿನೆಂಟು ವರ್ಷ ಆಯ್ತು. ದಿಕ್ಕಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ಲ, ಎಲ್ಲ ಗೋಪುರ ಹತ್ತಿ ಕೂತಿದ್ದೀರಿ.

ಶವವನ್ನು ಪೂರ್ವ ಪಶ್ಚಿಮವಾಗಿ ಮಲಗಿಸುತ್ತಾರೆ. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಕೊನೆಯ ತೀರ್ಪಿನ ದಿನ ಕ್ರಿಸ್ತ ಪೂರ್ವದಿಂದ ಬರುತ್ತಾರೆ ಅಂತ ನಂಬಿಕೆ. ಎದ್ದು ಕೂತರೆ ಮುಖ ಸೀದಾ ಆ ಕಡೆಗೇ ಇರಬೇಕು. ಚರ್ಚಿನಲ್ಲೂ ಬಲಿಪೀಠ ಪೂರ್ವದ ಕಡೆಗೆ. ಹಾಗಾಗಿ ಮೋಡ ಕವಿದ ದಿನ ಇಂಥ ಸ್ಮಶಾನಕ್ಕೆ ಹೋದರೂ ನಿಮಗೆ ದಿಕ್ಕು ತಪ್ಪುವುದಿಲ್ಲ. ಮೋಡ ಇಲ್ಲದ ದಿನ ಇಲ್ಲಿ ಎಲ್ಲುಂಟು ಹೇಳಿ!

ಕೆಲವು ಕಡೆ ಪಾದ್ರಿಗಳನ್ನು ಮಾತ್ರ ಉಲ್ಟಾ ಮಲಗಿಸುವ ಪದ್ಧತಿ ಇತ್ತು. ಎಲ್ಲರೂ ಎದ್ದಾಗ ಅವರ ಮುಖ ತಮ್ಮ ಜನರ ಕಡೆಗೆ ಇರಲಿ ಅಂತ.

ಮತ್ತೆ, ಅದು ಸ್ಮಾರಕವೋ ಸ್ಮಶಾನವೋ ಅಂತ ಕೇಳಿದ್ದೀರಿ. ಎರಡೂ ಹೌದು. ಸರ್ಕಾರದ ಲೆಕ್ಕದಲ್ಲಿ ರಾಷ್ಟ್ರೀಯ ಸ್ಮಾರಕ. ಊರಿನವರ ಲೆಕ್ಕದಲ್ಲಿ ಅಜ್ಜಿ ಇರುವ ಜಾಗ. ಬೇಸಿಗೆಯಲ್ಲಿ ಇಲ್ಲಿನ ಹಳ್ಳಿಗಳಲ್ಲಿ "ಸೆಮೆಟರಿ ಸಂಡೇ" ಅಂತ ಮಾಡುತ್ತಾರೆ. ಅದರ ಹಿಂದಿನ ವಾರ ಎಲ್ಲರೂ ಹುಲ್ಲು ಕೀಳುವುದೇನು, ಕಲ್ಲು ತೊಳೆಯುವುದೇನು. ಆ ದಿನ ಪಾದ್ರಿ ಬಂದು ಎಲ್ಲ ಸಮಾಧಿಗಳಿಗೂ ಪವಿತ್ರ ಜಲ ಚಿಮುಕಿಸುತ್ತಾರೆ. ದೂರದ ಊರುಗಳಿಂದ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ನಮ್ಮ ಕಡೆ ನವೆಂಬರ್ 2ಕ್ಕೆ ಸ್ಮಶಾನದಲ್ಲಿ ಮೇಣದ ಬತ್ತಿ ಹಚ್ಚುವುದು ನೆನಪಾಗುತ್ತದೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಮದುವೆಗೆ ರಜೆ ಹಾಕದಿದ್ದರೂ ಅದಕ್ಕೆ ಹಾಕುತ್ತಾರೆ.

ಬಾಯ್ನ್ ದಡದವಳು

ಅಕ್ಕ, ತುಂಬ ಥ್ಯಾಂಕ್ಸ್. ಮಗನಿಗೆ ಎದ್ದು ಕೂರುವ ವಿಷಯ ಹೇಳಿದೆ, ರಾತ್ರಿ ನಿದ್ದೆ ಮಾಡಲಿಲ್ಲ!

ಇನ್ನೊಂದು. ಪಾಳು ಚರ್ಚಿನ ಒಳಗೆ ಸಮಾಧಿ ಯಾಕೆ? ಮತ್ತೆ ಈ ಊರಿನವರು ಬಹಳಷ್ಟು ಕ್ಯಾಥೊಲಿಕರು, ಅವರ ಹೊಸ ಚರ್ಚು ಬೇರೆ ಕಡೆ ಇದೆ. ಆದರೂ ಯಾಕೆ ಇಲ್ಲಿಗೇ ತರುತ್ತಿದ್ದರು?

ಹಳೇ ನಕ್ಷೆ

ಇದೇ ಸರಿಯಾದ ಪ್ರಶ್ನೆ. ಐರ್ಲೆಂಡಿನ ಹಳ್ಳಿ ಸ್ಮಶಾನದ ಗುಟ್ಟೇ ಇದರಲ್ಲಿದೆ.

1142ರಲ್ಲಿ ಇಲ್ಲಿಗೆ ಹತ್ತಿರದ ಮೆಲಿಫಾಂಟ್‌ನಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು ಬಂದು ಮಠ ಕಟ್ಟಿದರು. ಈ ದೇಶದಲ್ಲಿ ಅವರ ಮೊದಲ ಮಠ ಅದು. ಯುರೋಪಿನ ಮಾದರಿ, ಕಲ್ಲಿನ ಕಟ್ಟಡ, ಅಚ್ಚುಕಟ್ಟು. ಇಂಥ ಹೊಸ ಮಠಗಳ ಮುಂದೆ ಹಳೇ ಪದ್ಧತಿಯ ಮಠಗಳು ಮಂಕಾದವು. ಮೊನಾಸ್ಟರ್‌ಬಾಯ್ಸ್ ಮಠ ಹೋಗಿ ಊರ ಚರ್ಚಾಗಿ ಉಳಿಯಿತು. ಆಮೇಲೆ 16ನೇ ಶತಮಾನದಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿ ರಾಜನ ಕಾಲದ ಧರ್ಮ ಬದಲಾವಣೆ. ಊರ ಚರ್ಚುಗಳೂ ಅವುಗಳ ಸ್ಮಶಾನಗಳೂ ಪ್ರಾಟೆಸ್ಟೆಂಟ್ ಚರ್ಚ್ ಆಫ್ ಐರ್ಲೆಂಡಿನ ಕೈಗೆ ಹೋದವು. ಜನ ಮಾತ್ರ ಬಹುಪಾಲು ಕ್ಯಾಥೊಲಿಕರಾಗಿಯೇ ಉಳಿದರು. ಎಷ್ಟೋ ಚರ್ಚುಗಳಿಗೆ ಬರುವವರೇ ಇಲ್ಲದೆ ಸೂರು ಬಿತ್ತು.

ಅಪ್ಪ ಅಜ್ಜ ಮಲಗಿರುವ ಮಣ್ಣನ್ನು ಬಿಡಲು ಆಗುತ್ತದೆಯೇ? ಚರ್ಚು ಯಾರದ್ದಾದರೂ ಆಗಲಿ, ಮಣ್ಣು ನಮ್ಮದು ಅಂತ ಅಲ್ಲಿಗೇ ತಂದು ಹೂಳುತ್ತಿದ್ದರು. ಒಂದೇ ಗೋಡೆಯೊಳಗೆ ಎರಡೂ ಪಂಗಡದವರು. ಕ್ಯಾಥೊಲಿಕರ ಮೇಲೆ ಕಾನೂನು ಬಿಗಿಯಾಗಿದ್ದ ಕಾಲದಲ್ಲಿ ಅವರ ಪಾದ್ರಿ ಸ್ಮಶಾನಕ್ಕೆ ಬಂದು ಬಹಿರಂಗವಾಗಿ ಪ್ರಾರ್ಥನೆ ಮಾಡುವಂತಿರಲಿಲ್ಲ. ಆಗ ಮನೆಯಲ್ಲೇ ಒಂದು ಹಿಡಿ ಮಣ್ಣನ್ನು ಮಂತ್ರಿಸಿ ಕೊಡುತ್ತಿದ್ದರು. ಅದನ್ನು ಒಯ್ದು ಪೆಟ್ಟಿಗೆ ಮೇಲೆ ಹಾಕುತ್ತಿದ್ದರು. 1824ರಲ್ಲಿ ಕಾನೂನು ಸ್ವಲ್ಪ ಸಡಿಲವಾಯಿತು, ಅದೂ ಅಲ್ಲಿನ ಪ್ರಾಟೆಸ್ಟೆಂಟ್ ಪಾದ್ರಿಯ ಒಪ್ಪಿಗೆ ಕೇಳಿ.

ಇನ್ನು ಸೂರು ಬಿದ್ದ ಚರ್ಚು. ಒಳಗಿನ ಜಾಗ ಹೊರಗಿನದಕ್ಕಿಂತ ಪವಿತ್ರ ಅಲ್ವಾ? ಅದರಲ್ಲೂ ಬಲಿಪೀಠ ಇದ್ದ ಪೂರ್ವದ ತುದಿ. ಅನುಕೂಲಸ್ಥರು ಅಲ್ಲಿ ಜಾಗ ಹಿಡಿದರು. ಇನ್ನೊಂದು ವಿಷಯ ಗಮನಿಸಿ. ಎಷ್ಟೋ ಹಳೇ ಸ್ಮಶಾನಗಳಲ್ಲಿ ನೆಲ ಹೊರಗಿನ ರಸ್ತೆಗಿಂತ ಎತ್ತರ ಇರುತ್ತದೆ. ಚರ್ಚಿನ ಬಾಗಿಲು ನೆಲದಲ್ಲಿ ಹೂತ ಹಾಗೆ, ತಲೆ ಬಗ್ಗಿಸಿ ಹೋಗಬೇಕು. ಬಾಗಿಲು ಚಿಕ್ಕದಲ್ಲ, ನೆಲ ಏರಿದ್ದು. ನೂರಾರು ವರ್ಷ ಒಂದೇ ಜಾಗದಲ್ಲಿ ಅಗೆದು ಹೂತು, ಅಗೆದು ಹೂತು ಹಾಗಾಗಿದೆ.

ಕಲ್ಲಕ್ಷರ

ತಡವಾಗಿ ಬಂದೆ. ನಾನು ಲೀನ್ಸ್ಟರ್ ಕಡೆ ಒಂದು ಹಳ್ಳಿಯ ಸ್ಮಶಾನದ ಕಲ್ಲುಗಳನ್ನು ಪಟ್ಟಿ ಮಾಡುವ ತಂಡದಲ್ಲಿದ್ದೇನೆ. ಶನಿವಾರ ಬೆಳಿಗ್ಗೆ ಐದಾರು ಜನ ಸೇರುತ್ತೇವೆ, ಒಬ್ಬರು ಓದುತ್ತಾರೆ, ಒಬ್ಬರು ಬರೆಯುತ್ತಾರೆ, ಉಳಿದವರು ಚಹಾದ ಫ್ಲಾಸ್ಕ್ ಕಾಯುತ್ತಾರೆ.

ಹೊಸದಾಗಿ ಬಂದವರೆಲ್ಲ ಒಂದೇ ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೆ. 18ನೇ, 19ನೇ ಶತಮಾನದ ಐರಿಷ್ ಕಲ್ಲಿನ ಮೇಲೆ ಮೊದಲು, ದೊಡ್ಡದಾಗಿ ಇರುವ ಹೆಸರು ಬಹಳ ಸಲ ಸತ್ತವರದ್ದಲ್ಲ. ಕಲ್ಲು ನಿಲ್ಲಿಸಿದವನದ್ದು! "ಇಂಥ ಊರಿನ ಇಂಥವನು ತನ್ನ ತಂದೆಯ ನೆನಪಿಗೆ ನಿಲ್ಲಿಸಿದ್ದು" ಅಂತ ಶುರುವಾಗುತ್ತದೆ. ತಂದೆಯ ಹೆಸರು ಮೂರನೇ ಸಾಲಿನಲ್ಲಿ. ನಿಲ್ಲಿಸಿದವನು ಆಮೇಲೆ ಅಮೆರಿಕಕ್ಕೆ ಹೋಗಿ ಅಲ್ಲೇ ಮಣ್ಣಾಗಿರಬಹುದು. ಅವನ ಮರಿಮಕ್ಕಳು ಬಂದು ಆ ಕಲ್ಲಿನ ಮುಂದೆ ನಿಂತು ಅಳುತ್ತಾರೆ. ಅವನು ಅದರ ಕೆಳಗೆ ಇಲ್ಲವೇ ಇಲ್ಲ.

ಇನ್ನೊಂದು ಒಳ್ಳೇ ವಿಷಯ. ಹಳೇ ಕಲ್ಲುಗಳಲ್ಲಿ ಹೆಂಗಸರ ತವರಿನ ಮನೆತನದ ಹೆಸರೂ ಇರುತ್ತದೆ. "ಏಲಿಯಾಸ್" ಅಂತ ಹಾಕಿ ಬರೆದಿರುತ್ತಾರೆ. ನಮ್ಮಲ್ಲಿ ಪೊಲೀಸ್ ಪಟ್ಟಿಯಲ್ಲಿ ಬರುವ ಏಲಿಯಾಸ್ ಅಲ್ಲ, ಹೆದರಬೇಡಿ.

ಕಲ್ಲುಗಳಿಗೆ ಇಲ್ಲಿ ಇಷ್ಟು ಬೆಲೆ ಯಾಕೆ ಅಂದರೆ ಕಾಗದ ಸುಟ್ಟು ಹೋಗಿದೆ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟವಾಗಿ ಉರಿಯಿತು. 1821ರಿಂದ 1851ರ ತನಕದ ಜನಗಣತಿಯ ಬಹುಭಾಗ, ಎಷ್ಟೋ ಊರುಗಳ ಚರ್ಚ್ ಆಫ್ ಐರ್ಲೆಂಡ್ ದಾಖಲೆ ಪುಸ್ತಕ, ಉಯಿಲುಗಳು ಬೂದಿಯಾದವು. ಸರ್ಕಾರ ಎಲ್ಲರ ಜನನ ಮರಣ ನೋಂದಣಿ ಶುರು ಮಾಡಿದ್ದೇ 1864ರಲ್ಲಿ. ಅದಕ್ಕೂ ಹಿಂದಿನ ಬಡ ರೈತನ ಬಗ್ಗೆ ಕೆಲವೊಮ್ಮೆ ಒಂದು ಕಲ್ಲೇ ಸಾಕ್ಷಿ.

ಅದೂ ಇದ್ದರೆ. ಹೆಚ್ಚಿನವರಿಗೆ ಅಕ್ಷರ ಕೊರೆದ ಕಲ್ಲಿಗೆ ದುಡ್ಡು ಎಲ್ಲಿತ್ತು? ಹೊಲದಿಂದ ತಂದ ಒಂದು ಚಪ್ಪಟೆ ಕಲ್ಲನ್ನು ತಲೆಗೆ, ಚಿಕ್ಕದೊಂದನ್ನು ಕಾಲಿಗೆ ನಿಲ್ಲಿಸುತ್ತಿದ್ದರು. ಹುಲ್ಲಿನಲ್ಲಿ ಮೊಳಕಾಲೆತ್ತರದ ಮೊಂಡು ಕಲ್ಲು ಕಂಡರೆ ಅದು ಬಿದ್ದ ಕಲ್ಲಲ್ಲ, ಯಾರದೋ ತಲೆ ಕಡೆ. ಕಲ್ಲೇ ಇಲ್ಲದ ಹುಲ್ಲಿನ ಜಾಗ ಕಂಡರೆ ಅದೂ ಖಾಲಿ ಅಲ್ಲ. 1845ರಿಂದ 1852ರ ಮಹಾ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಕಾರ್ಕ್ ಕೌಂಟಿಯ ಸ್ಕಿಬ್ಬರೀನ್ ಪಕ್ಕದ ಅಬಿಸ್ಟ್ರೂರಿ ಸ್ಮಶಾನದಲ್ಲಿ 8 ರಿಂದ 10 ಸಾವಿರ ಜನರನ್ನು ಒಟ್ಟಿಗೆ ಗುಂಡಿಗೆ ಹಾಕಿದ್ದಾರೆ. ಮೇಲೆ ನೋಡಿದರೆ ನುಣುಪಾದ ಹುಲ್ಲು.

ಸುಮ್ನೆ ಓದುವವ

ಉತ್ತರ ದಿಕ್ಕಿನ ಕಡೆ ಹೂಳುವುದಿಲ್ಲ ಅಂತ ಎಲ್ಲೋ ಓದಿದ್ದೆ. ಅದು ನಿಜವಾ, ಅದೂ ಫಾರ್ವರ್ಡಾ?

ಮಂಗ್ಳೂರು ನರ್ಸಮ್ಮ

ಪೂರ್ತಿ ಸುಳ್ಳಲ್ಲ. ಚರ್ಚಿನ ದಕ್ಷಿಣಕ್ಕೆ ಬಿಸಿಲು ಬೀಳುತ್ತದೆ, ಉತ್ತರಕ್ಕೆ ಗೋಡೆಯ ನೆರಳು. ಹಳಬರಿಗೆ ದಕ್ಷಿಣವೇ ಇಷ್ಟ. ಉತ್ತರದ ಕಡೆ ಪರ ಊರಿನವರು, ಆತ್ಮಹತ್ಯೆ ಮಾಡಿಕೊಂಡವರು. ಜಾಗ ಸಾಲದಾದ ಮೇಲೆ ಎಲ್ಲರೂ ಎಲ್ಲ ಕಡೆ ಬಂದರು.

ಆದರೆ ಒಂದು ಗುಂಪಿಗೆ ಉತ್ತರದ ಮೂಲೆಯೂ ಸಿಗಲಿಲ್ಲ. ಜ್ಞಾನಸ್ನಾನ ಆಗುವ ಮೊದಲೇ ಸತ್ತ ಕೂಸುಗಳು. ಅವಕ್ಕೆ ಪವಿತ್ರ ಮಣ್ಣಿನಲ್ಲಿ ಜಾಗವಿಲ್ಲ ಅಂತ ನಿಯಮ ಇತ್ತು. ಅಪ್ಪನೋ ಮಾವನೋ ರಾತ್ರಿ ಹೊತ್ತು ಬಟ್ಟೆಯಲ್ಲಿ ಸುತ್ತಿಯೋ, ಸಣ್ಣ ಪೆಟ್ಟಿಗೆಯಲ್ಲೋ ತಗೊಂಡು ಹೋಗಿ ಊರ ಗಡಿಯಲ್ಲಿ, ಪಾಳು ಚರ್ಚಿನ ಬಳಿ, ಹಳೇ ಮಣ್ಣಿನ ಕೋಟೆಯ ಸುತ್ತಿನಲ್ಲಿ ಹೂತು ಬರುತ್ತಿದ್ದರು. ಅಂಥ ಜಾಗಕ್ಕೆ "ಕಿಲ್ಲೀನ್" ಅನ್ನುತ್ತಾರೆ. ಗುರುತಿಗೆ ಒಂದು ಸಣ್ಣ ಕಲ್ಲು, ಕೆಲವು ಕಡೆ ಬಿಳೀ ಬೆಣಚು ಕಲ್ಲು. ಇದು ಹಳೇ ಕಾಲದ ಮಾತಲ್ಲ. 20ನೇ ಶತಮಾನದ ಮಧ್ಯದ ತನಕ ನಡೆದಿದೆ.

ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿ, ತೊಂಬತ್ತು ದಾಟಿತ್ತು. ತನ್ನ ಮೊದಲ ಮಗು ಎಲ್ಲಿದೆ ಅಂತ ಗಂಡ ಸಾಯುವ ತನಕ ಹೇಳಲಿಲ್ಲ ಅಂತ ಒಂದು ರಾತ್ರಿ ಹೇಳಿದರು. ಬೆಳಿಗ್ಗೆ ಎದ್ದು ಆ ಮಾತೇ ಎತ್ತಲಿಲ್ಲ. ಈಗ ಎಷ್ಟೋ ಊರಿನವರು ಆ ಜಾಗಗಳನ್ನು ಹುಡುಕಿ, ಪಾದ್ರಿಯನ್ನು ಕರೆಸಿ, ಒಂದು ಕಲ್ಲು ನಿಲ್ಲಿಸುತ್ತಿದ್ದಾರೆ.

ಬಾಯ್ನ್ ದಡದವಳು

ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕೆ ಆಗಲಿಲ್ಲ.

ಶಿಲುಬೆಗಳ ಬಗ್ಗೆ ಯಾರಾದರೂ ಹೇಳಿ. ಈ ಶನಿವಾರ ಮತ್ತೆ ಹೋಗೋಣ ಅಂತಿದ್ದೇವೆ. ಹೋದ ಸಲ ಬೆಳಿಗ್ಗೆ ಹೋಗಿದ್ದೆವು, ಫೋಟೋದಲ್ಲಿ ಕೆತ್ತನೆ ಏನೂ ತಿಳಿಯುತ್ತಿಲ್ಲ. ನಮ್ಮ ಯಜಮಾನರು ತಂತಿ ಬ್ರಷ್ ತಗೊಂಡು ಹೋಗಿ ಪಾಚಿ ತೆಗೆದರೆ ಕಾಣುತ್ತೆ ಅಂತಿದ್ದಾರೆ.

ಕಲ್ಲಕ್ಷರ

ಅಯ್ಯೋ ಬೇಡ! ದಯವಿಟ್ಟು ಬೇಡ!! ಬ್ರಷ್ ಬಿಡಿ, ಕೈ ಉಗುರೂ ತಾಗಿಸಬೇಡಿ. ಅದು ಕಾನೂನಿನ ರಕ್ಷಣೆಯಲ್ಲಿರುವ ಸ್ಮಾರಕ. ಸಾಧಾರಣ ಸಮಾಧಿ ಕಲ್ಲಿಗೂ ತಂತಿ ಬ್ರಷ್, ಬ್ಲೀಚ್, ಸೀಮೆಸುಣ್ಣ, ಶೇವಿಂಗ್ ಫೋಮ್ ಯಾವುದೂ ಹಾಕಬಾರದು. ಅಕ್ಷರ ಒಂದು ದಿನ ಕಾಣುತ್ತದೆ, ಹತ್ತು ವರ್ಷಕ್ಕೆ ಉದುರಿ ಹೋಗುತ್ತದೆ. ಯಜಮಾನರಿಗೆ ಒಂದು ಟಾರ್ಚ್ ಕೊಡಿಸಿ. ನೇರ ಹಿಡಿಯಬಾರದು. ಕಲ್ಲಿಗೆ ಪಕ್ಕದಿಂದ, ಮೈ ಸವರಿದ ಹಾಗೆ ಬೆಳಕು ಬಿಟ್ಟರೆ ಸವೆದ ಗೆರೆಗೂ ನೆರಳು ಬೀಳುತ್ತದೆ.

ದೊಡ್ಡ ಶಿಲುಬೆಗೆ ಟಾರ್ಚ್ ಸಾಲದು, ಸೂರ್ಯನನ್ನೇ ಬಳಸಿಕೊಳ್ಳಿ. ಅವುಗಳ ಮುಖ್ಯ ಮುಖಗಳು ಪೂರ್ವಕ್ಕೆ ಒಂದು, ಪಶ್ಚಿಮಕ್ಕೆ ಒಂದು. ಬೆಳಿಗ್ಗೆ ಸೂರ್ಯ ಪೂರ್ವದ ಮುಖಕ್ಕೆ ಎದುರಾಎದುರು ಹೊಡೆಯುತ್ತಾನೆ, ಎಲ್ಲ ಚಪ್ಪಟೆ ಕಾಣುತ್ತದೆ. ಸೂರ್ಯ ಸರಿಯಾಗಿ ದಕ್ಷಿಣಕ್ಕೆ ಬಂದಾಗ ಎರಡೂ ಮುಖಗಳನ್ನು ಸವರಿಕೊಂಡು ಹೋಗುತ್ತಾನೆ. ಇಲ್ಲಿ ಬೇಸಿಗೆ ಗಡಿಯಾರದಲ್ಲಿ ಅದು ಮಧ್ಯಾಹ್ನ ಒಂದೂವರೆ ಹೊತ್ತಿಗೆ. ಊಟ ಕಟ್ಟಿಕೊಂಡು ಹೋಗಿ.

ಒಳಗೆ ಹೋದ ಕೂಡಲೇ ಸಿಗುವುದು ಮ್ಯುರೆಡಾಕ್‌ನ ಶಿಲುಬೆ. ಮರಳುಗಲ್ಲು, 5.5 ಮೀಟರ್ ಆಸುಪಾಸು. ಪೂರ್ವದ ಮುಖದಲ್ಲಿ ಮೇಲೆ, ತೋಳುಗಳನ್ನು ಸುತ್ತಿದ ಕಲ್ಲಿನ ಚಕ್ರದ ನಡುವೆ ಕೊನೆಯ ತೀರ್ಪು. ಕ್ರಿಸ್ತನ ಒಂದು ಕಡೆ ಪುಣ್ಯವಂತರು, ದಾವೀದ ಹಾರ್ಪ್ ನುಡಿಸುತ್ತಿದ್ದಾನೆ. ಇನ್ನೊಂದು ಕಡೆ ಪಾಪಿಗಳನ್ನು ಸೈತಾನ ತಳ್ಳಿಕೊಂಡು ಹೋಗುತ್ತಿದ್ದಾನೆ. ಕೆಳಗೆ ಆತ್ಮಗಳನ್ನು ತಕ್ಕಡಿಯಲ್ಲಿ ತೂಗುತ್ತಿದ್ದಾರೆ. ತಕ್ಕಡಿಯ ಅಡಿ ಒಬ್ಬ ದೆವ್ವ ಮಲಗಿಕೊಂಡು ತಟ್ಟೆಯನ್ನು ಎಳೆಯಲು ನೋಡುತ್ತಿದ್ದಾನೆ. ಆ ಕಳ್ಳತೂಕದವನನ್ನು ಮಗನಿಗೆ ತೋರಿಸಿ, ಖುಷಿ ಪಡುತ್ತಾನೆ. ಇನ್ನೂ ಕೆಳಗೆ ಬಂದರೆ ಆದಾಮ ಹವ್ವ, ಪಕ್ಕದಲ್ಲೇ ಅವರ ಮಗ ಕಾಯಿನ ತನ್ನ ತಮ್ಮನನ್ನು ಕೊಲ್ಲುವುದು. ಪಶ್ಚಿಮದ ಮುಖದ ನಡುವೆ ಶಿಲುಬೆಗೇರಿಸಿದ ಕ್ರಿಸ್ತ. ಕೆಳಗೆ ಕ್ರಿಸ್ತನನ್ನು ಹಿಡಿಯಲು ಬಂದ ಸೈನಿಕರು, ಕತ್ತಿ ಹಿಡಿದು, ದಪ್ಪ ಮೀಸೆ ಬಿಟ್ಟುಕೊಂಡು! ತುದಿಯ ಕಲ್ಲನ್ನು ನೋಡಿ, ಹಲಗೆ ಹೆಂಚು ಹೊದಿಸಿದ ಪುಟ್ಟ ಚರ್ಚಿನ ಆಕಾರ. ಆ ಕಾಲದ ಮರದ ಚರ್ಚು ಹೇಗಿತ್ತು ಅಂತ ತಿಳಿಯಬೇಕಾದರೆ ನಮಗೆ ಅದೇ ಗತಿ. ನಿಜವಾದವು ಒಂದೂ ಉಳಿದಿಲ್ಲ.

ಗೋಪುರದ ಕಡೆ ಇರುವುದು ಎತ್ತರದ ಶಿಲುಬೆ, 7 ಮೀಟರ್ ಹತ್ತಿರ. ಐರ್ಲೆಂಡಿನಲ್ಲೇ ತುಂಬ ಎತ್ತರದ ಶಿಲುಬೆಗಳಲ್ಲಿ ಒಂದು. ಪಾಪ, ಗಾಳಿ ಮಳೆಗೆ ಬಹಳ ಸವೆದಿದೆ. ಉತ್ತರದ ಶಿಲುಬೆ ಮುರಿದು ಹೋಗಿದೆ, ತಲೆ ಭಾಗ ಉಳಿದಿದೆ. ಅದರ ಹತ್ತಿರ ಕಂಬಿಯೊಳಗೆ ಒಂದು ಕಲ್ಲಿನ ನೆರಳು ಗಡಿಯಾರ ಇದೆ, ಜನ ನೋಡದೆ ದಾಟಿ ಹೋಗುತ್ತಾರೆ. ಗಂಟೆ ನೋಡೋಕೆ ಅಲ್ಲ, ಸನ್ಯಾಸಿಗಳ ಪ್ರಾರ್ಥನೆ ವೇಳೆ ತಿಳಿಯೋಕೆ. ಮೋಡದ ದಿನ ಏನು ಮಾಡುತ್ತಿದ್ದರೋ.

ಗಾಲ್ವೇ ಮಳೆ

ಮ್ಯುರೆಡಾಕ್ ಯಾರು? ಅವನ ಸಮಾಧಿ ಮೇಲೆ ನಿಲ್ಲಿಸಿದ್ದಾ ಅದು?

ಕಲ್ಲಕ್ಷರ

ಇಲ್ಲ, ಇದು ಸಮಾಧಿ ಕಲ್ಲೇ ಅಲ್ಲ. ಪಶ್ಚಿಮದ ಮುಖದ ಬುಡದಲ್ಲಿ ಹಳೇ ಐರಿಷ್‌ನಲ್ಲಿ ಬರೆದಿದೆ. "ಈ ಶಿಲುಬೆ ಮಾಡಿಸಿದ ಮ್ಯುರೆಡಾಕ್‌ಗಾಗಿ ಪ್ರಾರ್ಥನೆ" ಅಂತ. 923ರಲ್ಲಿ ತೀರಿಕೊಂಡ ಇಲ್ಲಿನ ಮಠಾಧಿಪತಿ ಅವನು.

ಹಳೇ ನಕ್ಷೆ

ಒಂದು ಸಣ್ಣ ತಕರಾರು. ಮ್ಯುರೆಡಾಕ್ ಅನ್ನುವುದು ಆಗ ಊರಿಗೊಬ್ಬರು ಇರುತ್ತಿದ್ದ ಹೆಸರು. 9ನೇ ಶತಮಾನದಲ್ಲೂ ಅದೇ ಹೆಸರಿನ ಮಠಾಧಿಪತಿ ಒಬ್ಬ ಇದ್ದ. ಕಲ್ಲಿನ ಮೇಲೆ ಇಸವಿ ಇಲ್ಲ. ಹೆಚ್ಚಿನವರು 923ರವನೇ ಅನ್ನುತ್ತಾರೆ, ಆದರೆ ಪ್ರಮಾಣ ಮಾಡಿ ಹೇಳೋಕೆ ಆಗಲ್ಲ.

ಕಲ್ಲಕ್ಷರ

ಒಪ್ಪಿದೆ ಸರ್. "ಹೆಚ್ಚಿನವರು ಹೇಳುವಂತೆ" ಅಂತ ಸೇರಿಸಿಕೊಳ್ಳಿ. ಆದರೆ ಇದನ್ನು ನೋಡಿ. "ಓರ್ ದೊ", ಅಂದರೆ "ಇಂಥವರಿಗಾಗಿ ಪ್ರಾರ್ಥನೆ", ಇದು ಆ ಕಾಲದ ಸಮಾಧಿ ಚಪ್ಪಡಿಗಳ ಮೇಲೂ ಬರುವ ಮಾತು. ಶಾನನ್ ನದಿ ದಡದ ಕ್ಲೊನ್‌ಮೆಕ್‌ನಾಯ್ಸ್‌ನಲ್ಲಿ 700ಕ್ಕೂ ಜಾಸ್ತಿ ಚಪ್ಪಡಿ ಸಿಕ್ಕಿವೆ. ಎಷ್ಟೋ ಕಲ್ಲಿನ ಮೇಲೆ ಇದೇ ಎರಡು ಪದ, ಒಂದು ಹೆಸರು, ಅಷ್ಟೇ. ಹುಟ್ಟಿದ್ದು ಸತ್ತದ್ದು ಏನೂ ಇಲ್ಲ. ಓದುವವನಿಗೆ ಕೆಲಸ ಹಚ್ಚುತ್ತದೆ: ನಿಂತು ಒಂದು ಪ್ರಾರ್ಥನೆ ಹೇಳಿ ಹೋಗು ಅಂತ. ಇವತ್ತಿನ ಐರಿಷ್ ಸಮಾಧಿಗಳ ಮೇಲೂ "ಪ್ರೇ ಫಾರ್" ಅಂತ ಇರುತ್ತದೆ, ಗಮನಿಸಿ.

ಬಾಯ್ನ್ ದಡದವಳು

ಹೋಗಿ ಬಂದೆವು! ಒಂದೂವರೆಗೆ ಸರಿಯಾಗಿ ಅಲ್ಲಿದ್ದೆವು. ಒಂದು ಗಂಟೆ ತನಕ ತುಂತುರು. ಚಪಾತಿ ಪಲ್ಯ ಕಾರಿನಲ್ಲೇ ತಿಂದೆವು. ಆಮೇಲೆ ಇಪ್ಪತ್ತು ನಿಮಿಷ ಬಿಸಿಲು ಬಂತು, ಅಷ್ಟೇ ಸಾಕಾಯಿತು. ಹೋದ ಸಲ ಬರೀ ಉಬ್ಬುತಗ್ಗು ಕಂಡಿದ್ದ ಕಲ್ಲಿನಲ್ಲಿ ಮುಖಗಳು ಎದ್ದು ಬಂದವು. ಕಳ್ಳತೂಕದವನು ಸಿಕ್ಕಿದ. ಮೀಸೆ ಸೈನಿಕರು ಸಿಕ್ಕಿದರು. ನಮ್ಮ ಯಜಮಾನರು ಬ್ರಷ್ ಮನೆಯಲ್ಲೇ ಬಿಟ್ಟಿದ್ದರು, ಟಾರ್ಚ್ ಹಿಡಿದು ಹಳೇ ಕಲ್ಲು ಓದುತ್ತಾ ಕೂತವರು ಏಳಲೇ ಇಲ್ಲ. ಒಂದು ಕಲ್ಲಿನಲ್ಲಿ ಏಲಿಯಾಸ್ ಕೂಡ ಸಿಕ್ಕಿತು ಅಂತ ಕೂಗಿ ಕರೆದರು. ಪಕ್ಕದಲ್ಲಿ ಹೂವು ಇಡುತ್ತಿದ್ದ ಒಬ್ಬರು ಹಿರಿಯರು ತಿರುಗಿ ನೋಡಿ ನಕ್ಕರು.

ಮೊಂಡು ಕಲ್ಲುಗಳನ್ನು ಈ ಸಲ ಸುತ್ತು ಹಾಕಿಕೊಂಡು ದಾಟಿದೆವು. ಹೋದ ಸಲ ಮಗ ಅವುಗಳ ಮೇಲೆ ಕಾಲಿಟ್ಟು ಜಿಗಿದಿದ್ದ, ನಾನೂ ಸುಮ್ಮನಿದ್ದೆ.

ಕಲ್ಲಕ್ಷರ ಅವರೇ, ನಿಮ್ಮ ಮೇಲೆ ಒಂದು ದೂರು. ಮ್ಯುರೆಡಾಕ್‌ನ ಅಕ್ಷರದ ಹತ್ತಿರ ಎರಡು ಬೆಕ್ಕು ಇವೆ ಅಂತ ಯಾಕೆ ಹೇಳಲಿಲ್ಲ? ಮಗನೇ ಮೊದಲು ನೋಡಿದ್ದು, ಅವನ ಎತ್ತರಕ್ಕೆ ಸರಿಯಾಗಿ ಇವೆ. ಒಂದು ಮರಿಯನ್ನು ನೆಕ್ಕುತ್ತಿದೆ. ಇನ್ನೊಂದು ಏನನ್ನೋ ಹಿಡಿದುಕೊಂಡಿದೆ. ಹಕ್ಕಿ ಅಂತ ಅವನು, ಇನ್ನೊಂದು ಮರಿ ಅಂತ ನಾನು.

ಕಲ್ಲಕ್ಷರ

ಬೇಕೆಂದೇ ಹೇಳಲಿಲ್ಲ ಮೇಡಂ. ಅದನ್ನು ತಾವೇ ಹುಡುಕಬೇಕು. ಹಕ್ಕಿ ಅಂತಲೇ ನನ್ನ ಓಟು.

ಮಂಗ್ಳೂರು ನರ್ಸಮ್ಮ

ನಾನೂ ಹುಡುಗನ ಕಡೆಗೇ. ಶಾಲೆಯಲ್ಲಿ ಏನು ಮಾತಾಡಿದ ಅಂತ ಹಾಕಿ ಮಾರಾಯ್ರೆ.

ಬಾಯ್ನ್ ದಡದವಳು

ಮಾತಾಡಿ ಬಂದ. ಗೋಪುರ, ವೈಕಿಂಗ್, ಬೆಂಕಿ ಯಾವುದೂ ಹೇಳಲಿಲ್ಲವಂತೆ. ಐದು ನಿಮಿಷವೂ ಬೆಕ್ಕಿನ ಬಗ್ಗೆಯೇ.